ಜ್ವರದ ನಡುವೆ ಇಳಿದ ಕೊಲೆಸ್ಟ್ರಾಲ್

ಚಿಕ್ಕಪ್ಪ ಐಸಿಯು ಸೇರಿ ಮೂರನೇ ದಿನ. ಮೂತ್ರದ ಸೋಂಕು ರಕ್ತಕ್ಕೆ ಹರಡಿತ್ತು. ಹೊರಗೆ ಸ್ಟೀಲ್ ಬೆಂಚಿನ ಮೇಲೆ ಕೂತಿದ್ದ ಚಿಕ್ಕಮ್ಮನ ಮೊಬೈಲಿಗೆ ಲ್ಯಾಬ್ ರಿಪೋರ್ಟ್ ಬಂತು. ನಾಲ್ಕು ಪುಟ. ಕ್ರಿಯಾಟಿನಿನ್, ಲ್ಯಾಕ್ಟೇಟ್, ಪ್ಲೇಟ್‌ಲೆಟ್ ಎಲ್ಲ ದಾಟಿಕೊಂಡು ಹೋದರು. ಅವರಿಗೆ ಪರಿಚಯವಿದ್ದ ಹೆಸರು ಕೊನೆಯ ಪುಟದಲ್ಲಿತ್ತು.

"ನೋಡೋ, ಕೊಲೆಸ್ಟ್ರಾಲ್ 96ಕ್ಕೆ ಬಂದಿದೆ. ಹತ್ತು ವರ್ಷ ಮಾತ್ರೆ ತಗೊಂಡ್ರೂ 160ರ ಕೆಳಗೆ ಇಳೀತಿರ್ಲಿಲ್ಲ. ಇದೊಂದಾದ್ರೂ ಒಳ್ಳೇದಾಯ್ತಲ್ಲ."

ನಾನೂ ಹೂಂ ಅಂದೆ. ಆ ಹೊತ್ತಿನಲ್ಲಿ ಯಾವುದಾದರೂ ಒಂದು ಒಳ್ಳೆ ಸುದ್ದಿ ಬೇಕಿತ್ತು. ಅದರ ಕೆಳಗಿನ ಸಾಲಿನಲ್ಲಿ, 'ಒಳ್ಳೆ ಕೊಲೆಸ್ಟ್ರಾಲ್' ಅನ್ನುವ ಎಚ್‌ಡಿಎಲ್ 17 ಅಂತ ಇತ್ತು. ಸಂಜೆ ರೌಂಡ್ಸಿಗೆ ಬಂದ ಡಾಕ್ಟರಿಗೆ ತೋರಿಸಿದೆ. ಅವರು ತಲೆಯಾಡಿಸಿದರು. "ಇದು ಗುಣ ಆಗ್ತಿರೋ ಲಕ್ಷಣ ಅಲ್ಲಮ್ಮ. ಸೋಂಕು ಜೋರಾಗಿದ್ದಾಗ ಕೊಲೆಸ್ಟ್ರಾಲ್ ಹೀಗೆ ಬೀಳುತ್ತೆ. ಸದ್ಯಕ್ಕೆ ಈ ಪುಟ ಬಿಡಿ. ರಾತ್ರಿ ಯೂರಿನ್ ಎಷ್ಟು ಬರುತ್ತೆ ನೋಡೋಣ."

ಕೊಲೆಸ್ಟ್ರಾಲ್ ಅಂದರೆ ಕಡಿಮೆ ಇದ್ದಷ್ಟೂ ಒಳ್ಳೇದು ಅಂತ ನಮ್ಮ ಮನೆಗಳಲ್ಲಿ ಕೂತುಬಿಟ್ಟಿದೆ. ಹೃದಯದ ಮಟ್ಟಿಗೆ, 'ಕೆಟ್ಟ ಕೊಲೆಸ್ಟ್ರಾಲ್' ಅನ್ನುವ ಎಲ್‌ಡಿಎಲ್ ಬಗ್ಗೆ ಆ ಮಾತು ಸರಿಯೇ. ಆದರೆ ಸೋಂಕು ತಗಲಿ ಆಸ್ಪತ್ರೆಯಲ್ಲಿ ಮಲಗಿರುವವರ ರಕ್ತದಲ್ಲಿ ಅದೇ ಅಂಕಿ ಬೇರೆಯದೇ ವಿಷಯ ಹೇಳುತ್ತದೆ. ಅದು ಏನು ಹೇಳುತ್ತದೆ, ಎಷ್ಟರ ಮಟ್ಟಿಗೆ ನಂಬಬಹುದು ಅನ್ನುವುದನ್ನು ಬಿಡಿಸಿ ನೋಡಬೇಕಿದೆ. ಏಕೆಂದರೆ ಅರ್ಧ ಅರ್ಥ ಮಾಡಿಕೊಂಡವರು ಈಗ ಇನ್ನೊಂದು ತಪ್ಪು ಮಾಡುತ್ತಿದ್ದಾರೆ. "ಕೊಲೆಸ್ಟ್ರಾಲ್ ಸೋಂಕು ತಡೆಯುತ್ತದಂತೆ, ಮಾತ್ರೆ ನಿಲ್ಲಿಸಿ" ಎಂಬ ಮಾತು ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ.

ಮೊದಲು ಕಾಯಿಲೆ. ಯಾವುದೋ ಸೋಂಕಿಗೆ ದೇಹ ಕೊಡುವ ಪ್ರತಿಕ್ರಿಯೆಯೇ ಹದ್ದು ಮೀರಿ ಸ್ವಂತ ಅಂಗಗಳನ್ನು ಕೆಡಿಸತೊಡಗಿದರೆ ಅದಕ್ಕೆ ಸೆಪ್ಸಿಸ್ ಅನ್ನುತ್ತಾರೆ. ನಮ್ಮ ಕಡೆ ಹಿರಿಯರು 'ಮೈಗೆ ನಂಜೇರಿತು' ಅನ್ನುವುದು ಹೆಚ್ಚುಕಡಿಮೆ ಇದನ್ನೇ. ನ್ಯುಮೋನಿಯಾ, ಮೂತ್ರದ ಸೋಂಕು, ಕರುಳಿನ ಸೋಂಕು, ಕಾಲಿನ ಸಕ್ಕರೆ ಹುಣ್ಣು, ಎಲ್ಲಿಂದ ಬೇಕಾದರೂ ಶುರುವಾಗಬಹುದು. 2017ರಲ್ಲಿ ಜಗತ್ತಿನಲ್ಲಿ ಸುಮಾರು 4.9 ಕೋಟಿ ಜನರಿಗೆ ಸೆಪ್ಸಿಸ್ ಆಯಿತು, 1.1 ಕೋಟಿ ಜನ ಸತ್ತರು ಎಂಬ ಅಂದಾಜು 2020ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಆ ವರ್ಷ ಜಗತ್ತಿನಲ್ಲಿ ಆದ ಪ್ರತಿ ಐದು ಸಾವಿನಲ್ಲಿ ಒಂದು. ಇಷ್ಟು ದೊಡ್ಡ ಕಾಯಿಲೆಯ ಹೆಸರೇ ಎಷ್ಟೋ ಜನಕ್ಕೆ ಗೊತ್ತಿಲ್ಲ.

ಈಗ ಕೊಬ್ಬಿನ ಮಾತು. ಬಿಸಿ ಸಾರಿಗೆ ತುಪ್ಪ ಬಿಟ್ಟರೆ ಮೇಲೆ ತೇಲುತ್ತದೆ, ಅಲ್ವಾ? ರಕ್ತವೂ ಬಹುಪಾಲು ನೀರೇ. ಅದರಲ್ಲಿ ಕೊಬ್ಬು ಹಾಗೇ ಬೆರೆಯುವುದಿಲ್ಲ. ಅದಕ್ಕೇ ದೇಹ ಕೊಬ್ಬನ್ನು ಪ್ರೋಟೀನಿನ ಹೊದಿಕೆಯೊಳಗೆ ಸಣ್ಣ ಸಣ್ಣ ಪೊಟ್ಟಣ ಕಟ್ಟಿ ಸಾಗಿಸುತ್ತದೆ. ಎಲ್‌ಡಿಎಲ್, ಎಚ್‌ಡಿಎಲ್ ಅನ್ನುವುದು ಈ ಪೊಟ್ಟಣಗಳ ಹೆಸರು. ರಕ್ತನಾಳದ ಗೋಡೆಯಲ್ಲಿ ಕೊಬ್ಬು ಕೂರಿಸುವ ಎಲ್‌ಡಿಎಲ್‌ಗೆ ಕೆಟ್ಟದ್ದು ಅಂತಲೂ ಎಚ್‌ಡಿಎಲ್‌ಗೆ ಒಳ್ಳೇದು ಅಂತಲೂ ಹೆಸರು ಬಿದ್ದಿದೆ. ಆದರೆ ಇವು ಹುಟ್ಟಿರುವುದು ಹೃದಯಾಘಾತ ಮಾಡುವುದಕ್ಕೂ ಅಲ್ಲ, ತಪ್ಪಿಸುವುದಕ್ಕೂ ಅಲ್ಲ. ಇವಕ್ಕೆ ಬೇರೆ ಕೆಲಸಗಳಿವೆ.

ಅದರಲ್ಲಿ ಒಂದು ಕೆಲಸ ನಂಜು ಹೊರುವುದು. ಇ. ಕೋಲಿ, ಕ್ಲೆಬ್ಸಿಯೆಲ್ಲಾದಂಥ ಬ್ಯಾಕ್ಟೀರಿಯಾಗಳ ಹೊರಪದರದಲ್ಲಿ ಎಲ್‌ಪಿಎಸ್ ಎಂಬ ವಸ್ತು ಇರುತ್ತದೆ. ಬ್ಯಾಕ್ಟೀರಿಯಾ ಒಡೆದಾಗ ಅದು ರಕ್ತಕ್ಕೆ ಚೆಲ್ಲುತ್ತದೆ. ನಮ್ಮ ರಕ್ಷಣಾ ಕೋಶಗಳು ಇದನ್ನು ಕಂಡ ಕೂಡಲೇ ಕೆರಳುತ್ತವೆ. ಜ್ವರ, ನಡುಕ, ಬಿಪಿ ಕುಸಿತ, ಇದರ ಹಿಂದೆಲ್ಲ ಅದರ ಕೈ ಇದೆ. ಈ ಎಲ್‌ಪಿಎಸ್‌ಗೆ ಒಂದು ಕೊಬ್ಬಿನ ಬಾಲ ಇದೆ. ನೀರಿನಲ್ಲಿ ಆ ಬಾಲಕ್ಕೆ ನೆಲೆ ಇಲ್ಲ. ಎದುರಿಗೆ ಕೊಬ್ಬಿನ ಪೊಟ್ಟಣ ಸಿಕ್ಕರೆ ಅದರಲ್ಲಿ ಹುದುಗಿಕೊಳ್ಳುತ್ತದೆ. ಹುದುಗಿದ ಮೇಲೆ ಅದರ ಕೆರಳಿಸುವ ಶಕ್ತಿ ಬಹಳ ಕಡಿಮೆ ಆಗುತ್ತದೆ. ಪೊಟ್ಟಣ ಲಿವರ್‌ಗೆ ಹೋಗುತ್ತದೆ, ಲಿವರ್ ಅದನ್ನು ಒಳಗೆಳೆದುಕೊಂಡು ವಿಲೇವಾರಿ ಮಾಡುತ್ತದೆ. ಎಚ್‌ಡಿಎಲ್ ಈ ಕೆಲಸದಲ್ಲಿ ಮುಂದು. ಎಲ್‌ಡಿಎಲ್ ಕೂಡ ಕೈಜೋಡಿಸುತ್ತದೆ. 'ಕೆಟ್ಟ' ಅನ್ನಿಸಿಕೊಂಡದ್ದು ಇಲ್ಲಿ ನಮ್ಮ ಪರವಾಗಿ ದುಡಿಯುತ್ತದೆ.

ಇನ್ನೊಂದು ಕೆಲಸ ಕಾರ್ಟಿಸೋಲ್‌ಗೆ ಸಂಬಂಧಿಸಿದ್ದು. ಕಿಡ್ನಿಯ ಮೇಲೆ ಟೋಪಿಯ ಹಾಗೆ ಕೂತಿರುವ ಅಡ್ರಿನಲ್ ಗ್ರಂಥಿ ಈ ಹಾರ್ಮೋನು ತಯಾರಿಸುತ್ತದೆ. ಕಾಯಿಲೆ ಜೋರಾದಾಗ ಬಿಪಿ ಹಿಡಿದು ನಿಲ್ಲಿಸಲು ಇದು ಬೇಕೇ ಬೇಕು. ಇದರ ಕಚ್ಚಾ ವಸ್ತು ಕೊಲೆಸ್ಟ್ರಾಲ್. ರಕ್ತದಲ್ಲೇ ಅದು ಬರಿದಾದರೆ ಗ್ರಂಥಿಗೆ ಸಾಮಾನು ಸಾಲದೆ ಬರಬಹುದು.

ಹಾಗಾದರೆ ಇಷ್ಟು ಬೇಕಾದ ಹೊತ್ತಿನಲ್ಲೇ ಕೊಲೆಸ್ಟ್ರಾಲ್ ಬೀಳುವುದೇಕೆ? ಕಾರಣ ಒಂದಲ್ಲ. ಲಿವರ್ ತನ್ನ ಕೆಲಸದ ಪಟ್ಟಿಯನ್ನೇ ಬದಲಿಸಿಕೊಳ್ಳುತ್ತದೆ. ಎಚ್‌ಡಿಎಲ್ ಕಟ್ಟುವ ಪ್ರೋಟೀನನ್ನು ಕಡಿಮೆ ಮಾಡಿ ಸೋಂಕಿಗೆ ಬೇಕಾದ ಬೇರೆ ಪ್ರೋಟೀನುಗಳನ್ನು ತಯಾರಿಸುತ್ತದೆ. ಅವುಗಳಲ್ಲಿ ಸೀರಮ್ ಅಮಿಲಾಯ್ಡ್ ಎ ಎಂಬುದು ಇರುವ ಎಚ್‌ಡಿಎಲ್ ಒಳಗೇ ನುಗ್ಗಿ ಹಳೆ ಪ್ರೋಟೀನನ್ನು ಹೊರದಬ್ಬುತ್ತದೆ. ಅಂದರೆ ಉಳಿದಿರುವ ಎಚ್‌ಡಿಎಲ್ ಕೂಡ ಮೊದಲಿನ ಎಚ್‌ಡಿಎಲ್ ಅಲ್ಲ. ಇದರ ಜೊತೆಗೆ ಸಣ್ಣ ರಕ್ತನಾಳಗಳು ಸೋರತೊಡಗುತ್ತವೆ. ಊಟ ಇಲ್ಲ. ಬಾಟಲಿ ಮೇಲೆ ಬಾಟಲಿ ಡ್ರಿಪ್ ಹೋಗಿ ರಕ್ತ ತೆಳ್ಳಗಾಗಿರುತ್ತದೆ. ಎಲ್ಲ ಸೇರಿ ಕೆಲವೇ ದಿನದಲ್ಲಿ ಅಂಕಿ ಅರ್ಧಕ್ಕೆ ಬಂದರೂ ಆಶ್ಚರ್ಯ ಇಲ್ಲ.

ರಕ್ತದಲ್ಲಿರುವ ಇನ್ನೊಂದು ಬಗೆಯ ಕೊಬ್ಬು ಟ್ರೈಗ್ಲಿಸರೈಡ್ ಮಾತ್ರ ಇದಕ್ಕೆ ಉಲ್ಟಾ. ಸೋಂಕಿನಲ್ಲಿ ಅದು ಸಾಮಾನ್ಯವಾಗಿ ಏರುತ್ತದೆ. ಇದರ ಹಿಂದೆ ನನಗೆ ತುಂಬಾ ಇಷ್ಟವಾದ ಒಂದು ಕಥೆ ಇದೆ. ನ್ಯೂಯಾರ್ಕಿನ ರಾಕ್‌ಫೆಲ್ಲರ್ ವಿಶ್ವವಿದ್ಯಾಲಯದಲ್ಲಿ ಆಂಥನಿ ಸೆರಾಮಿ ಮತ್ತು ಕ್ಯಾರಲ್ ರೌಜರ್ ಟ್ರಿಪನೊಸೋಮ ಎಂಬ ಪರೋಪಜೀವಿಯ ಸೋಂಕು ತಗಲಿದ ಮೊಲಗಳನ್ನು ನೋಡುತ್ತಿದ್ದರು. ಮೊಲಗಳು ಸೊರಗಿ ಕಡ್ಡಿಯಾಗುತ್ತಿದ್ದವು. ಆದರೆ ಅವುಗಳ ರಕ್ತದಲ್ಲಿ ಟ್ರೈಗ್ಲಿಸರೈಡ್ ತುಂಬಿ ತುಳುಕುತ್ತಿತ್ತು. ಹೊಟ್ಟೆಗಿಲ್ಲದೆ ಸೊರಗಿದ ಪ್ರಾಣಿಯ ರಕ್ತದಲ್ಲಿ ಇಷ್ಟು ಕೊಬ್ಬು ಹೇಗೆ? ಕೊಬ್ಬನ್ನು ಒಡೆದು ಒಳಗೆಳೆದುಕೊಳ್ಳುವ ಕಿಣ್ವವನ್ನು ಯಾವುದೋ ಅಡಗಿಸುತ್ತಿತ್ತು. 1980ರಲ್ಲಿ ಇದನ್ನು ಬರೆದರು. ಆ 'ಯಾವುದೋ' ವಸ್ತುವನ್ನು ಬೆನ್ನಟ್ಟಿದಾಗ 1985ರ ಹೊತ್ತಿಗೆ ಸಿಕ್ಕಿದ್ದು ಟಿಎನ್‌ಎಫ್ ಎಂಬ, ಉರಿಯೂತ ಎಬ್ಬಿಸುವ ಪ್ರೋಟೀನು. ಇವತ್ತು ಸಂಧಿವಾತಕ್ಕೆ ಕೊಡುವ ಎಷ್ಟೋ ದುಬಾರಿ ಇಂಜೆಕ್ಷನ್‌ಗಳು ತಡೆಯುವುದು ಇದನ್ನೇ. ಆ ತಂಡದಲ್ಲಿದ್ದ ಬ್ರೂಸ್ ಬಾಯ್ಟ್ಲರ್ ಮುಂದೆ ಎಲ್‌ಪಿಎಸ್ ಅನ್ನು ನಮ್ಮ ಕೋಶಗಳು ಗುರುತಿಸುವುದು ಹೇಗೆ ಎಂದು ಕಂಡುಹಿಡಿದರು. 2011ರ ನೊಬೆಲ್ ಹಂಚಿಕೊಂಡರು. ಸೋಂಕಿಗೂ ರಕ್ತದ ಕೊಬ್ಬಿಗೂ ಇರುವ ನಂಟು ಮೂಲೆಯ ವಿಷಯ ಅಲ್ಲ ಅನ್ನುವುದಕ್ಕೆ ಇದನ್ನು ಹೇಳಿದೆ.

ಇನ್ನು ರೋಗಿಗಳ ಲೆಕ್ಕ. 2005ರಲ್ಲಿ ತೈವಾನಿನ ವೈದ್ಯರು ತೀವ್ರ ಸೆಪ್ಸಿಸ್ ಆದ 63 ಜನರ ರಕ್ತ ನೋಡಿದರು. ಮೊದಲ ದಿನವೇ ಎಚ್‌ಡಿಎಲ್ 20ಕ್ಕಿಂತ ಕೆಳಗಿದ್ದವರಲ್ಲಿ ಸಾವು ತುಂಬಾ ಜಾಸ್ತಿ ಇತ್ತು. ಆಮೇಲೆ ಬೇರೆ ಬೇರೆ ಕಡೆಯ ಐಸಿಯುಗಳಲ್ಲೂ ಇದೇ ದಿಕ್ಕಿನ ಫಲಿತಾಂಶ ಬಂತು. ನಮಗೆ ಪ್ರತಿ ಮಳೆಗಾಲ ಕಾಡುವ ಡೆಂಗಿಯೂ ಇದಕ್ಕೆ ಹೊರತಲ್ಲ. 2002ರಲ್ಲಿ ಪ್ರಕಟವಾದ ಇಂಡೋನೇಷ್ಯಾ ಮಕ್ಕಳ ಅಧ್ಯಯನದಲ್ಲಿ ಕಾಯಿಲೆ ತೀವ್ರವಾದ ಹಾಗೆ ಕೊಲೆಸ್ಟ್ರಾಲ್ ಕಡಿಮೆ ಕಂಡಿತು. ಕೋವಿಡ್ ಕಾಲದಲ್ಲಿ ಉಲ್ಬಣಿಸಿದ ರೋಗಿಗಳಲ್ಲೂ ಹಾಗೇ.

ಇಲ್ಲೇ ಜನ ಎಡವುವುದು. ಕೊಲೆಸ್ಟ್ರಾಲ್ ಬಿದ್ದವರು ಹೆಚ್ಚು ಸತ್ತರು ಅಂದ ಮಾತ್ರಕ್ಕೆ, ಕೊಲೆಸ್ಟ್ರಾಲ್ ಬಿದ್ದದ್ದರಿಂದಲೇ ಸತ್ತರು ಅಂತ ಆಗುವುದಿಲ್ಲ. ಜೋರು ಕಾಯಿಲೆಯೇ ಎರಡನ್ನೂ ಮಾಡಿರಬಹುದು. ಜ್ವರದ ಜೊತೆ ನಾಡಿ ಏರುತ್ತದೆ, ನಾಡಿ ಇಳಿಸಿದರೆ ಜ್ವರ ಹೋಗುತ್ತದೆಯೇ?

ಹಾಗಾದರೆ ಕಾಯಿಲೆ ಬೀಳುವ ಮೊದಲೇ ಅಳೆದಿಟ್ಟ ಅಂಕಿ ನೋಡೋಣ ಅಂತ ಕೆಲವರು ಹೊರಟರು. ಕ್ಯಾಲಿಫೋರ್ನಿಯಾದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನರನ್ನು 15 ವರ್ಷ ಹಿಂಬಾಲಿಸಿದ ಅಧ್ಯಯನ 1998ರಲ್ಲಿ ಬಂತು. ಕೊಲೆಸ್ಟ್ರಾಲ್ ಕಡಿಮೆ ಇದ್ದವರು ಸೋಂಕಿಗೆ ಆಸ್ಪತ್ರೆ ಸೇರುವುದು ಹೆಚ್ಚು ಅಂತ ಕಂಡಿತು. 2018ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್‌ನಿಂದ ಇನ್ನೂ ಕುತೂಹಲದ ಫಲಿತಾಂಶ ಬಂತು. ಅಲ್ಲಿನ ಲಕ್ಷದಷ್ಟು ಜನರಲ್ಲಿ ಎಚ್‌ಡಿಎಲ್ 31ಕ್ಕಿಂತ ಕೆಳಗಿದ್ದವರಿಗೆ ಸೋಂಕಿನ ಅಪಾಯ ಜಾಸ್ತಿ ಇತ್ತು. ಅಷ್ಟೇ ಅಲ್ಲ, 100 ದಾಟಿದವರಿಗೂ ಜಾಸ್ತಿ ಇತ್ತು. 'ಒಳ್ಳೆ ಕೊಲೆಸ್ಟ್ರಾಲ್' ಎಷ್ಟಿದ್ದರೂ ಒಳ್ಳೇದೇ ಅನ್ನುವ ನಂಬಿಕೆಗೆ ಇದು ಸರಿಯಾದ ಪೆಟ್ಟು.

ಇದರಲ್ಲೂ ಒಂದು ತೊಡಕಿದೆ. ವಯಸ್ಸಾಗಿ ಸೊರಗಿದವರು, ಲಿವರ್ ಕೆಟ್ಟವರು, ಒಳಗೊಳಗೇ ಕ್ಯಾನ್ಸರ್ ಬೆಳೆಯುತ್ತಿರುವವರು, ಇವರೆಲ್ಲರ ಕೊಲೆಸ್ಟ್ರಾಲ್ ಮೊದಲೇ ಇಳಿದಿರುತ್ತದೆ. ಸೋಂಕು ತಗಲುವುದೂ ಅವರಿಗೇ ಬೇಗ. ಒಂದು ಹೊತ್ತು ಗಂಜಿ ಕುಡಿದು ಮಲಗುವ ಅಜ್ಜಿಯ ಕೊಲೆಸ್ಟ್ರಾಲ್ 110 ಇದ್ದರೆ ಅದು ಆರೋಗ್ಯದ ಗುರುತಲ್ಲ.

ಈ ಗಂಟು ಬಿಡಿಸಲು ಜೀನ್‌ಗಳ ದಾರಿ ಹಿಡಿದರು. ಕೆಲವರಿಗೆ ಹುಟ್ಟಿನಿಂದಲೇ ಎಲ್‌ಡಿಎಲ್ ಕಡಿಮೆ ಇರುವಂಥ ಜೀನ್‌ಗಳು ಬಂದಿರುತ್ತವೆ. ಅವರಿಗೆ ಅದು ಕಾಯಿಲೆಯಿಂದಲೋ ಹಸಿವಿನಿಂದಲೋ ಇಳಿದದ್ದಲ್ಲ. ಕಡಿಮೆ ಎಲ್‌ಡಿಎಲ್ ನಿಜಕ್ಕೂ ಸೆಪ್ಸಿಸ್‌ಗೆ ಕಾರಣವಾದರೆ ಇಂಥವರಿಗೆ ಸೆಪ್ಸಿಸ್ ಜಾಸ್ತಿ ಬರಬೇಕು. ಅಮೆರಿಕದ ನ್ಯಾಶ್‌ವಿಲ್‌ನ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದವರು ಸೋಂಕಿನಿಂದ ಆಸ್ಪತ್ರೆ ಸೇರಿದ ಸಾವಿರಾರು ಜನರ ದಾಖಲೆಯಲ್ಲಿ ಇದನ್ನು ಹುಡುಕಿ 2019ರಲ್ಲಿ ಪ್ರಕಟಿಸಿದರು. ಅಳೆದ ಎಲ್‌ಡಿಎಲ್ ಕಡಿಮೆ ಇದ್ದವರಲ್ಲಿ ಸೆಪ್ಸಿಸ್ ಜಾಸ್ತಿ ಇತ್ತು, ಸರಿ. ಆದರೆ ಅವರಿಗಿದ್ದ ಬೇರೆ ಕಾಯಿಲೆಗಳನ್ನು ಲೆಕ್ಕಕ್ಕೆ ತಂದಾಗ ಆ ನಂಟು ಕರಗಿಹೋಯಿತು. ಜೀನ್‌ನಿಂದ ಎಲ್‌ಡಿಎಲ್ ಕಡಿಮೆ ಇದ್ದವರಲ್ಲಿ ಹೆಚ್ಚಿನ ಅಪಾಯ ಕಾಣಲೇ ಇಲ್ಲ. ನನ್ನ ಮಟ್ಟಿಗೆ ಈ ಇಡೀ ಚರ್ಚೆಯಲ್ಲಿ ಅತಿ ಮುಖ್ಯವಾದ ಫಲಿತಾಂಶ ಇದು.

ಎಚ್‌ಡಿಎಲ್ ಕಥೆ ಹಾಗಲ್ಲ. ಬ್ರಿಟನ್ನಿನ ಯುಕೆ ಬಯೋಬ್ಯಾಂಕ್ ಎಂಬ ಆರೋಗ್ಯ ದಾಖಲೆಗಳ ಭಂಡಾರದ ಮಾಹಿತಿ ಹಿಡಿದು ಕೆನಡಾದ ವ್ಯಾಂಕೂವರ್ ತಂಡ 2020ರಲ್ಲಿ ಮಾಡಿದ ಲೆಕ್ಕದಲ್ಲಿ, ಜೀನ್‌ನಿಂದಲೇ ಎಚ್‌ಡಿಎಲ್ ಹೆಚ್ಚಿರುವವರು ಸೋಂಕಿಗೆ ಆಸ್ಪತ್ರೆ ಸೇರುವುದು ಕಡಿಮೆ ಅಂತ ಬಂತು. ಅಂದರೆ ಎಚ್‌ಡಿಎಲ್ ಸುಮ್ನೆ ನೋಡುತ್ತಾ ನಿಂತ ಸಾಕ್ಷಿ ಅಲ್ಲದಿರಬಹುದು. ಆದರೂ ಒಂದು ಹೆಜ್ಜೆ ಹಿಂದೆ ನಿಂತೇ ಹೇಳುತ್ತೇನೆ. ಎಚ್‌ಡಿಎಲ್ ಏರಿಸುವ ಔಷಧಿಗಳು ಹೃದಯದ ವಿಷಯದಲ್ಲಿ ಒಂದರ ಹಿಂದೆ ಒಂದು ನಿರಾಸೆ ತಂದದ್ದನ್ನು ವೈದ್ಯಲೋಕ ನೋಡಿದೆ.

ಚಿಕಿತ್ಸೆಯಾಗಿ ಬಳಸಲು ಹೋದಾಗ ಆದದ್ದೂ ನಿರಾಸೆಯೇ. ನಂಜು ಕೊಬ್ಬಿಗೆ ಅಂಟುತ್ತದಲ್ಲ, ಹಾಗಿದ್ದರೆ ಕೊಬ್ಬಿನ ದ್ರಾವಣವನ್ನೇ ನರಕ್ಕೆ ಹಾಕೋಣ ಅಂದುಕೊಂಡರು. 1379 ರೋಗಿಗಳ ಮೇಲೆ ನಡೆದ ಆ ಪ್ರಯೋಗದ ಫಲಿತಾಂಶ 2009ರಲ್ಲಿ ಬಂತು. ಸಾವು ಕಡಿಮೆ ಆಗಲಿಲ್ಲ. ಎಲ್‌ಪಿಎಸ್ ಕೋಶಕ್ಕೆ ತಾಗದಂತೆ ತಡೆಯುವ ಎರಿಟೊರಾನ್ ಎಂಬ ಔಷಧಿಯೂ 2013ರಲ್ಲಿ ಸೋತಿತು.

ಸ್ಟ್ಯಾಟಿನ್ ಮಾತ್ರೆಗಳ ಮೇಲೆ ಇದ್ದ ಆಸೆ ಇನ್ನೂ ದೊಡ್ಡದು. ಅವು ಕೊಲೆಸ್ಟ್ರಾಲ್ ಇಳಿಸುತ್ತವೆ, ಜೊತೆಗೆ ಉರಿಯೂತವನ್ನೂ ತಗ್ಗಿಸುತ್ತವೆ. ಮೊದಲಿಂದ ಸ್ಟ್ಯಾಟಿನ್ ತೆಗೆದುಕೊಳ್ಳುತ್ತಿದ್ದವರು ಸೆಪ್ಸಿಸ್‌ನಲ್ಲಿ ಹೆಚ್ಚು ಬದುಕುತ್ತಾರೆ ಅಂತ ಹಲವು ಅಧ್ಯಯನಗಳು ಹೇಳಿದ್ದವು. ಹಾಗಂತ ಸೆಪ್ಸಿಸ್‌ನಿಂದ ಶ್ವಾಸಕೋಶ ಕೆಟ್ಟ 745 ರೋಗಿಗಳ ಮೇಲೆ ಅಮೆರಿಕದಲ್ಲಿ ರೋಸುವಾಸ್ಟ್ಯಾಟಿನ್ ಪರೀಕ್ಷಿಸಿದರು. 2014ರಲ್ಲಿ ಬಂದ ಫಲಿತಾಂಶ: ಸ್ಟ್ಯಾಟಿನ್ ಪಡೆದವರಲ್ಲಿ ಶೇ 28.5, ಬರೀ ಹುಸಿ ಮಾತ್ರೆ ಪಡೆದವರಲ್ಲಿ ಶೇ 24.9 ಸಾವು. ಲಾಭ ಇಲ್ಲ ಅಂತ ಪ್ರಯೋಗ ಅರ್ಧಕ್ಕೇ ನಿಂತಿತು. ಮುಂಚಿನ ಅಧ್ಯಯನಗಳಲ್ಲಿ ಕಂಡ ಲಾಭ ಬಹುಶಃ ಮಾತ್ರೆಯದ್ದಲ್ಲ. ದಿನಾ ತಪ್ಪದೆ ಮಾತ್ರೆ ನುಂಗುವವರು ಉಳಿದ ವಿಷಯದಲ್ಲೂ ಎಚ್ಚರವಾಗಿರುತ್ತಾರೆ, ಜ್ವರ ಬಂದರೆ ಬೇಗ ಡಾಕ್ಟರ ಹತ್ತಿರ ಹೋಗುತ್ತಾರೆ.

ಈಗ ಹುಡುಕಾಟ ಬೇರೆ ದಾರಿ ಹಿಡಿದಿದೆ. ಲಿವರ್‌ನ ಮೇಲಿರುವ ಎಲ್‌ಡಿಎಲ್ ಒಳಗೆಳೆದುಕೊಳ್ಳುವ ಬಾಗಿಲುಗಳನ್ನು ಪಿಸಿಎಸ್‌ಕೆ9 ಎಂಬ ಪ್ರೋಟೀನು ಕಡಿಮೆ ಮಾಡುತ್ತದೆ. ಅದು ಸರಿಯಾಗಿ ಕೆಲಸ ಮಾಡದ ಜೀನ್ ಇರುವವರು ಸೆಪ್ಟಿಕ್ ಶಾಕ್‌ನಲ್ಲಿ (ಸೆಪ್ಸಿಸ್‌ನಿಂದ ಬಿಪಿ ಕುಸಿಯುವ ಹಂತ) ಹೆಚ್ಚು ಬದುಕಿದರು ಅಂತ 2014ರಲ್ಲಿ ವ್ಯಾಂಕೂವರ್‌ನವರು ತೋರಿಸಿದರು. ಬಾಗಿಲು ಜಾಸ್ತಿ ಇದ್ದರೆ ನಂಜು ಹೊತ್ತ ಪೊಟ್ಟಣ ಬೇಗ ಒಳಗೆ ಹೋಗುತ್ತದೆ ಅನ್ನುವ ತರ್ಕ. ಆಮೇಲಿನ ಅಧ್ಯಯನಗಳಲ್ಲಿ ಎಲ್ಲರಿಗೂ ಅದೇ ಸಿಗಲಿಲ್ಲ. ಇಟಲಿಯ ಬಾರಿ ನಗರದಲ್ಲಿ ಪ್ರಯೋಗಾಲಯದಲ್ಲಿ ತಯಾರಿಸಿದ ಎಚ್‌ಡಿಎಲ್ ಮಾದರಿಯನ್ನು ಸೆಪ್ಸಿಸ್ ರೋಗಿಗಳಿಗೆ ಕೊಟ್ಟು ನೋಡಿದ್ದಾರೆ. ಒಟ್ಟು 20 ರೋಗಿಗಳು. 2023ರ ವರದಿ ಭರವಸೆ ಹುಟ್ಟಿಸುವಂತಿದೆ. ಆದರೆ 20 ಜನರಿಂದ ಏನನ್ನೂ ಗಟ್ಟಿಯಾಗಿ ಹೇಳುವುದಕ್ಕೆ ಆಗುವುದಿಲ್ಲ.

ನಮ್ಮ ದೇಶಕ್ಕೆ ಬಂದರೆ ಒಂದು ವಿಷಯ ಗಮನಿಸಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಇಂಡಿಯಾಬ್ ಅಧ್ಯಯನ 2014ರಲ್ಲಿ ತಮಿಳುನಾಡು, ಮಹಾರಾಷ್ಟ್ರ, ಜಾರ್ಖಂಡ್, ಚಂಡೀಗಢದ ಜನರ ರಕ್ತದ ಕೊಬ್ಬಿನ ಲೆಕ್ಕ ಕೊಟ್ಟಿತು. ಶೇ 72ರಷ್ಟು ಜನರ ಎಚ್‌ಡಿಎಲ್ ಕಡಿಮೆ ಇತ್ತು. ಒಟ್ಟು ಕೊಲೆಸ್ಟ್ರಾಲ್ ಹೆಚ್ಚಿದ್ದವರು ಶೇ 14 ಮಾತ್ರ. ಅಂದರೆ ಕಾಯಿಲೆ ಬೀಳುವ ಮೊದಲೇ ನಮ್ಮ ಎಚ್‌ಡಿಎಲ್ ತಗ್ಗಿನಲ್ಲಿರುತ್ತದೆ. ಡೆನ್ಮಾರ್ಕಿನ 31, ತೈವಾನಿನ 20 ಅನ್ನುವ ಗೆರೆಗಳನ್ನು ತಂದು ನಮ್ಮವರ ರಿಪೋರ್ಟಿನ ಮೇಲೆ ಹಾಗೇ ಎಳೆಯುವುದು ಸರಿಯಲ್ಲ. ನಮ್ಮ ಐಸಿಯುಗಳಲ್ಲೇ ದೊಡ್ಡ ಮಟ್ಟದಲ್ಲಿ ಇದನ್ನು ಅಳೆಯಬೇಕು. ರಕ್ತದ ಕೊಬ್ಬು ಅಳೆಯುವ ಲಿಪಿಡ್ ಪ್ರೊಫೈಲ್ ದುಬಾರಿ ಪರೀಕ್ಷೆಯೇನಲ್ಲ.

ಹಾಗಂತ ಮನೆಯವರು ಆ ಪುಟ ಹಿಡಿದು ಕೂರಬೇಕಾಗಿಲ್ಲ. ಸೆಪ್ಸಿಸ್ ಪತ್ತೆಗೆ ಯಾವ ವೈದ್ಯರೂ ಕೊಲೆಸ್ಟ್ರಾಲ್ ನೋಡುವುದಿಲ್ಲ. ನೋಡಬೇಕಾದದ್ದು ಬೇರೆ. ಜ್ವರ ಬಂದವರ ಉಸಿರು ನಿಮಿಷಕ್ಕೆ 22 ಅಥವಾ ಅದಕ್ಕಿಂತ ಹೆಚ್ಚಾಯಿತೇ? ಮಾತು ತಡವರಿಸುತ್ತಿದೆಯೇ, ಮಂಕಾಗಿದ್ದಾರೆಯೇ? ಬಿಪಿಯ ಮೇಲಿನ ಅಂಕಿ 100 ಅಥವಾ ಅದಕ್ಕಿಂತ ಕೆಳಗೆ ಬಂತೇ? ಮೂತ್ರ ಕಡಿಮೆ ಆಯಿತೇ? ನಮ್ಮ ಚಿಕ್ಕಪ್ಪ ಆಸ್ಪತ್ರೆಗೆ ಹೋಗುವ ಹಿಂದಿನ ರಾತ್ರಿ ಮಗಳನ್ನು ತಮ್ಮ ತಂಗಿಯ ಹೆಸರು ಹಿಡಿದು ಕರೆದಿದ್ದರು. ಜ್ವರದ ಕನವರಿಕೆ ಅಂದುಕೊಂಡೆವು. ಬೆಳಗಾಗುವವರೆಗೆ ಕಾದೆವು. ಅದು ಈಗಲೂ ನನ್ನನ್ನು ಕುಟುಕುತ್ತದೆ. ಆ ರಾತ್ರಿಯೇ ಹೊರಡಬೇಕಿತ್ತು. ಸೆಪ್ಟಿಕ್ ಶಾಕ್ ಇರುವವರಿಗೆ ಒಂದು ಗಂಟೆಯೊಳಗೆ ಆ್ಯಂಟಿಬಯಾಟಿಕ್ ಹೋಗಬೇಕು ಅಂತ ವೈದ್ಯರ ಮಾರ್ಗಸೂಚಿ ಹೇಳುತ್ತದೆ. ನಾವು ಒಂದು ಇಡೀ ರಾತ್ರಿ ಕಳೆದಿದ್ದೆವು.

ಮಾತ್ರೆಯ ವಿಷಯಕ್ಕೆ ಬರುತ್ತೇನೆ. ಸ್ಟ್ಯಾಟಿನ್ ತೆಗೆದುಕೊಂಡರೆ ಸೋಂಕು ಬರುತ್ತದೆಯೇ? 30 ಸಾವಿರಕ್ಕೂ ಹೆಚ್ಚು ಜನರಿದ್ದ 11 ಪ್ರಯೋಗಗಳನ್ನು ಒಟ್ಟುಹಾಕಿ ನೋಡಿದ ವಿಶ್ಲೇಷಣೆ 2011ರಲ್ಲಿ ಬಿಎಂಜೆ ಪತ್ರಿಕೆಯಲ್ಲಿ ಬಂತು. ಸೋಂಕು ಹೆಚ್ಚೂ ಆಗಲಿಲ್ಲ, ಕಡಿಮೆಯೂ ಆಗಲಿಲ್ಲ. ಹೃದಯಕ್ಕಾಗಿ ಮಾತ್ರೆ ಬರೆದುಕೊಟ್ಟಿದ್ದರೆ ಆ ಕಾರಣ ಹಾಗೇ ಇದೆ. ಸ್ಟೆಂಟ್ ಹಾಕಿಸಿಕೊಂಡವರು ಒಂದು ವಾಟ್ಸಾಪ್ ಮಾತಿಗೆ ಅದನ್ನು ಬಿಟ್ಟರೆ ನಷ್ಟ ಅವರದ್ದೇ. ಸೋಂಕು ಜೋರಿದ್ದಾಗ ಕೆಲವು ದಿನ ನಿಲ್ಲಿಸುವುದೋ ಮುಂದುವರಿಸುವುದೋ ಅನ್ನುವುದು ಚಿಕಿತ್ಸೆ ಮಾಡುವ ಡಾಕ್ಟರ ತೀರ್ಮಾನ. ಲಿವರ್ ಹೇಗಿದೆ, ಜೊತೆಗೆ ಯಾವ ಆ್ಯಂಟಿಬಯಾಟಿಕ್ ಹೋಗುತ್ತಿದೆ ಅಂತ ಅವರು ನೋಡುತ್ತಾರೆ.

ಇನ್ನೊಂದು ತಪ್ಪು ಮನೆಗೆ ಬಂದ ಮೇಲೆ ಆಗುತ್ತದೆ. ಆಸ್ಪತ್ರೆಯಲ್ಲಿ ಮಾಡಿಸಿದ ಲಿಪಿಡ್ ಪ್ರೊಫೈಲ್ ನೋಡಿ "ಎಲ್ಲ ನಾರ್ಮಲ್ ಇದೆ" ಅಂದುಕೊಳ್ಳುತ್ತಾರೆ. ದೊಡ್ಡ ಸೋಂಕಿನ ನಂತರ ಈ ಅಂಕಿಗಳು ತಮ್ಮ ಜಾಗಕ್ಕೆ ಮರಳಲು ವಾರಗಳೇ ಬೇಕು. ನಿಜವಾದ ಅಂಕಿ ಬೇಕಿದ್ದರೆ ಪೂರ್ತಿ ಚೇತರಿಸಿಕೊಂಡು, ಊಟ ನಿದ್ದೆ ಎಲ್ಲ ಮೊದಲಿನಂತಾಗಿ, ಸುಮಾರು ಎರಡು ತಿಂಗಳು ಬಿಟ್ಟು ಮತ್ತೆ ಮಾಡಿಸಬೇಕು.

ಚಿಕ್ಕಪ್ಪ ಹದಿನಾಲ್ಕನೇ ದಿನ ಡಿಸ್ಚಾರ್ಜ್ ಆದರು. ಕೈಗೆ ಕೊಟ್ಟ ಮಾತ್ರೆಗಳ ಪಟ್ಟಿಯಲ್ಲಿ ಬಿಪಿದು ಇತ್ತು, ಸಕ್ಕರೆದು ಇತ್ತು, ಸ್ಟ್ಯಾಟಿನ್ ಇರಲಿಲ್ಲ. ಯಾರೂ ಬೇಕೆಂದು ಬಿಟ್ಟದ್ದಲ್ಲ. ಐಸಿಯುನಲ್ಲಿ ನಿಲ್ಲಿಸಿದ್ದು ಮತ್ತೆ ಪಟ್ಟಿಗೆ ಹತ್ತಲಿಲ್ಲ, ಅಷ್ಟೇ. ಇದು ನಮ್ಮಲ್ಲಿ ಮಾತ್ರ ಆಗುವುದಲ್ಲ. ಕೆನಡಾದ ಒಂಟೇರಿಯೊದಲ್ಲಿ ಸುಮಾರು ನಾಲ್ಕು ಲಕ್ಷ ಹಿರಿಯರ ದಾಖಲೆ ನೋಡಿದ 2011ರ ಅಧ್ಯಯನದಲ್ಲಿ, ಆಸ್ಪತ್ರೆ ಸೇರಿದವರ ನಿತ್ಯದ ಮಾತ್ರೆಗಳು ಹೀಗೆ ತಪ್ಪಿಹೋಗುವುದು ಜಾಸ್ತಿ ಅಂತ ಕಂಡಿತು. ಐಸಿಯುಗೆ ಹೋದವರಲ್ಲಿ ಇನ್ನೂ ಜಾಸ್ತಿ. ಆ ಮಾತ್ರೆಗಳಲ್ಲಿ ಸ್ಟ್ಯಾಟಿನ್ ಕೂಡ ಒಂದು.

ಚಿಕ್ಕಮ್ಮ ಹಳೆ ಚೀಟಿ ಬ್ಯಾಗಿನಲ್ಲೇ ಇಟ್ಟುಕೊಂಡಿದ್ದರು. ಬಿಲ್ ಕೌಂಟರಿನಿಂದ ಮತ್ತೆ ಮೇಲೆ ಹೋಗಿ ಡಾಕ್ಟರ ಮುಂದೆ ಎರಡೂ ಹಾಳೆ ಇಟ್ಟು ಕೇಳಿದರು. "ಈ ರಾತ್ರಿ ಮಾತ್ರೆ ಇದರಲ್ಲಿ ಇಲ್ವಲ್ಲ ಸಾರ್, ನಿಲ್ಲಿಸಿದೀರೋ, ಬಿಟ್ಟುಹೋಗಿದ್ಯೋ?" ಡಾಕ್ಟರು ಲಿವರ್ ರಿಪೋರ್ಟ್ ತೆರೆದು ನೋಡಿದರು. ಅಚ್ಚಾದ ಪಟ್ಟಿಯ ಕೆಳಗೆ ಪೆನ್ನಿನಲ್ಲಿ ಇನ್ನೊಂದು ಸಾಲು ಸೇರಿಸಿ, ಅದರ ಪಕ್ಕ ಎರಡು ತಿಂಗಳ ನಂತರದ ರಕ್ತಪರೀಕ್ಷೆಯ ದಿನಾಂಕ ಬರೆದುಕೊಟ್ಟರು.